ಹೊರದೇಶದ ಬಾಡಿಗೆ ಮನೆ ಎಷ್ಟು ಬೆಚ್ಚಗಿರಬೇಕು? ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆಯಿಂದ ಓದಲು, ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋಗುವ ಮಕ್ಕಳು ಈಗ ಓಣಿಗೊಬ್ಬರಾದರೂ ಇದ್ದಾರೆ. ಹೊರಡುವ ಮೊದಲು ವೀಸಾ, ಫೀಸು, ಬ್ಯಾಂಕ್ ಸಾಲ, ಶೇಂಗಾ ಚಟ್ನಿ ಪುಡಿ, ಎಲ್ಲದರ ವಿಚಾರ ಆಗುತ್ತದೆ. ಮನೆ ಬೆಚ್ಚಗಿರುತ್ತದಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳುವುದಾದರೂ ಹೇಗೆ? ಹೀಟಿಂಗ್ ಅನ್ನುವುದೇ ಇಲ್ಲದ ಊರಿನವರು ನಾವು. ಚಳಿ ಜಾಸ್ತಿ ಆದರೆ ಕೌದಿ ಹೊದ್ದುಕೊಳ್ಳುತ್ತೇವೆ, ಬೆಳಿಗ್ಗೆ ಬಿಸಿಲು ಕಾಯಿಸುತ್ತೇವೆ, ಮುಗಿಯಿತು. ನವೆಂಬರ್ ಬಂದಾಗ ಅಲ್ಲಿಂದ ಫೋನ್ ಬರಲು ಶುರುವಾಗುತ್ತದೆ: ಅಪ್ಪಾ, ಹೀಟರ್ ನಡೆಯುತ್ತಿಲ್ಲ, ಮನೆ ಮಾಲಕರು ಕೇಳುತ್ತಿಲ್ಲ. ಆಗ ವಿದ್ಯಾನಗರದಲ್ಲೋ ನವನಗರದಲ್ಲೋ ಕೂತ ತಂದೆ-ತಾಯಿಗೆ ಏನು ಹೇಳಬೇಕು ಅಂತ ತಿಳಿಯುವುದಿಲ್ಲ.

ಅಂಥ ಪ್ರಶ್ನೆಗಳಿಗೆ ನಾನು ಕೊಡುತ್ತ ಬಂದ ಉತ್ತರಗಳು ಇಲ್ಲಿವೆ. ನಿಯಮಗಳು ಆಗಾಗ ಬದಲಾಗುತ್ತವೆ. ದೂರು ಕೊಡುವ ಮುಂಚೆ ಆ ಊರಿನ ಸರ್ಕಾರಿ ವೆಬ್‌ಸೈಟ್ ಒಮ್ಮೆ ನೋಡಿಕೊಳ್ಳಿ.

ಬಾಡಿಗೆ ಮನೆ ಇಷ್ಟು ಬೆಚ್ಚಗಿರಲೇಬೇಕು ಅಂತ ನಿಜವಾಗಲೂ ಕಾನೂನಿದೆಯಾ?

ಇದೆ. ಆದರೆ ದೇಶಕ್ಕೊಂದು ಥರ, ಕೆಲವು ಕಡೆ ಊರಿಗೊಂದು ಥರ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಮತ್ತು ಕೆನಡಾದ ಒಂಟಾರಿಯೊದಲ್ಲಿ ಇಷ್ಟು ಡಿಗ್ರಿ ಅಂತ ನೇರವಾಗಿ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನಲ್ಲಿ ಹೀಟಿಂಗ್ ವ್ಯವಸ್ಥೆ ಸರಿಯಾಗಿ ನಡೆಯುವ ಹಾಗೆ ಇಡುವುದು ಮಾಲಕರ ಕೆಲಸ ಅಂತ ಕಾಯ್ದೆ ಹೇಳುತ್ತದೆ, ಡಿಗ್ರಿ ಲೆಕ್ಕ ಮಾತ್ರ ಹೇಳುವುದಿಲ್ಲ. ಜರ್ಮನಿಯಲ್ಲಿ ಅಂಕಿ ಬಂದಿರುವುದು ಕೋರ್ಟುಗಳ ತೀರ್ಪಿನಿಂದ.

ಇವೆಲ್ಲದರ ಹಿಂದೆ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ: 18 ಡಿಗ್ರಿ ಸೆಲ್ಸಿಯಸ್. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ವಸತಿ ಮಾರ್ಗಸೂಚಿಯಲ್ಲಿ, ಚಳಿ ದೇಶಗಳಲ್ಲಿ ಮನೆಯೊಳಗೆ ಕನಿಷ್ಠ ಇಷ್ಟಾದರೂ ಇರಬೇಕು ಅಂತ ಹೇಳಿದೆ. ಚಿಕ್ಕ ಮಕ್ಕಳು, ವಯಸ್ಸಾದವರು, ದಮ್ಮು ಅಥವಾ ಹೃದಯದ ತೊಂದರೆ ಇರುವವರು ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕು.

ಮಗ ನ್ಯೂಯಾರ್ಕಿನಲ್ಲಿದ್ದಾನೆ. ಅಲ್ಲಿ ಎಷ್ಟು?

ನ್ಯೂಯಾರ್ಕ್ ನಗರದಲ್ಲಿ ನಿಯಮ ಬಹಳ ಸ್ಪಷ್ಟ. ಅಕ್ಟೋಬರ್ 1ರಿಂದ ಮೇ 31ರವರೆಗೆ ಅಲ್ಲಿ ಹೀಟಿಂಗ್ ಕಾಲ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಹೊರಗಿನ ತಾಪಮಾನ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿದರೆ, ಒಳಗೆ ಕನಿಷ್ಠ 68 ಇರಬೇಕು. ನಮ್ಮ ಲೆಕ್ಕದಲ್ಲಿ ಹೊರಗೆ ಸುಮಾರು 13 ಡಿಗ್ರಿ ಸೆಲ್ಸಿಯಸ್, ಒಳಗೆ 20. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಎಷ್ಟೇ ಇರಲಿ, ಒಳಗೆ 62 ಫ್ಯಾರನ್‌ಹೀಟ್, ಅಂದರೆ ಹತ್ತಿರ ಹತ್ತಿರ 17 ಸೆಲ್ಸಿಯಸ್ ಇರಲೇಬೇಕು.

ಇಲ್ಲದಿದ್ದರೆ 311ಕ್ಕೆ ಫೋನ್ ಮಾಡಬಹುದು, ಅವರ ಆ್ಯಪ್‌ನಲ್ಲೂ ದೂರು ಹಾಕಬಹುದು. ನಗರದ ವಸತಿ ಇಲಾಖೆ ಮೊದಲು ಕಟ್ಟಡದ ಮಾಲಕರನ್ನು ಕೇಳುತ್ತದೆ, ಸರಿ ಆಗದಿದ್ದರೆ ಇನ್ಸ್‌ಪೆಕ್ಟರ್ ಬಂದು ಅಳೆಯುತ್ತಾರೆ. ಒಂದೇ ಕಟ್ಟಡದಲ್ಲಿ ಎಲ್ಲರ ಮನೆಯೂ ತಣ್ಣಗಿದ್ದರೆ ಎಲ್ಲರೂ ಬೇರೆ ಬೇರೆ ದೂರು ಹಾಕಿ. ಒಬ್ಬನೇ ಹಾಕಿದರೆ ಅವನ ಕೋಣೆಯದ್ದೇ ಏನೋ ತೊಂದರೆ ಅಂತ ಮಾಲಕರು ತಳ್ಳಿಬಿಡುವುದುಂಟು.

ನ್ಯೂಜೆರ್ಸಿ, ಶಿಕಾಗೊ?

ನ್ಯೂಜೆರ್ಸಿಯಲ್ಲಿ ಅಕ್ಟೋಬರ್ 1ರಿಂದ ಮೇ 1ರವರೆಗೆ, ಬೆಳಿಗ್ಗೆ 6ರಿಂದ ರಾತ್ರಿ 11ರ ತನಕ 68 ಫ್ಯಾರನ್‌ಹೀಟ್, ಉಳಿದ ಹೊತ್ತಿನಲ್ಲಿ 65. ಶಿಕಾಗೊದಲ್ಲಿ ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ, ಹಗಲು 68, ರಾತ್ರಿ 66. ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಬೇರೆ: ಮನೆಯನ್ನು 70 ಡಿಗ್ರಿ ತನಕ ಕಾಯಿಸುವ ಶಕ್ತಿ ಇರುವ ಹೀಟಿಂಗ್ ಸಾಧನ ಇರಬೇಕು. ಅದನ್ನು ನಡೆಸುವ ಖರ್ಚು ಹೆಚ್ಚಾಗಿ ಬಾಡಿಗೆದಾರರದ್ದೇ.

ಇಂಗ್ಲೆಂಡಿನ ಕಥೆ ಏನು? ಅಲ್ಲಿ ಯಾರೂ ಡಿಗ್ರಿ ಹೇಳುವುದಿಲ್ಲವಂತೆ?

ಹೌದು, ಖಾಸಗಿ ಬಾಡಿಗೆ ಮನೆ ಇಷ್ಟೇ ಡಿಗ್ರಿ ಇರಬೇಕು ಅಂತ ಒಂದೇ ಸಾಲಿನ ಕಾನೂನು ಅಲ್ಲಿಲ್ಲ. ಹಾಗಂತ ಮಾಲಕರು ಕೈ ತೊಳೆದುಕೊಳ್ಳುವ ಹಾಗಿಲ್ಲ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆ್ಯಕ್ಟ್‌ನ 11ನೇ ಕಲಂ ಪ್ರಕಾರ, ಮನೆ ಕಾಯಿಸುವ ಮತ್ತು ನೀರು ಕಾಯಿಸುವ ವ್ಯವಸ್ಥೆ (ಹೆಚ್ಚಾಗಿ ಬಾಯ್ಲರ್ ಅನ್ನುವ ಯಂತ್ರ) ಕೆಟ್ಟರೆ ರಿಪೇರಿ ಮಾಡಿಸುವುದು ಮಾಲಕರ ಹೊಣೆ. ಏಳು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಗೆ ಇದು ಅನ್ವಯಿಸುತ್ತದೆ, ಅಂದರೆ ನಮ್ಮ ಮಕ್ಕಳ ಮನೆಗಳೆಲ್ಲ ಬಂದವು. ಕರಾರಿನಲ್ಲಿ "ಬಾಯ್ಲರ್ ರಿಪೇರಿ ಬಾಡಿಗೆದಾರರದ್ದು" ಅಂತ ಬರೆಸಿಕೊಂಡಿದ್ದರೂ ಅದು ನಿಲ್ಲುವುದಿಲ್ಲ.

ಇದರ ಮೇಲೆ 2018ರ ಇನ್ನೊಂದು ಕಾಯ್ದೆ ಇದೆ. ಮನುಷ್ಯರು ವಾಸಿಸಲು ತಕ್ಕ ಸ್ಥಿತಿಯಲ್ಲಿ ಮನೆ ಇರಬೇಕು, ಇಲ್ಲದಿದ್ದರೆ ಬಾಡಿಗೆದಾರರು ನೇರವಾಗಿ ಕೋರ್ಟಿಗೆ ಹೋಗಬಹುದು ಅಂತ ಅದು ಹೇಳುತ್ತದೆ. ವಿಪರೀತ ಚಳಿಯೂ ತೇವವೂ ಆ ಲೆಕ್ಕದಲ್ಲಿ ಬರುತ್ತವೆ. ಊರಿನ ಕೌನ್ಸಿಲ್‌ನಲ್ಲಿ ಎನ್ವಿರಾನ್ಮೆಂಟಲ್ ಹೆಲ್ತ್ ಅನ್ನುವ ವಿಭಾಗ ಇರುತ್ತದೆ. ಅವರು ಬಂದು ನೋಡಿ, ತೊಂದರೆ ದೊಡ್ಡದಿದ್ದರೆ ಸರಿಪಡಿಸಿ ಅಂತ ಮಾಲಕರಿಗೆ ನೋಟಿಸ್ ಕೊಡುತ್ತಾರೆ.

ಇನ್ನೊಂದು ವಿಷಯ ಇಲ್ಲಿಂದಲೇ ನೋಡಬಹುದು. ಅಲ್ಲಿ ಬಾಡಿಗೆಗೆ ಕೊಡುವ ಮನೆಗಳಿಗೆ ಇ.ಪಿ.ಸಿ. ಅಂತ ಒಂದು ಸರ್ಟಿಫಿಕೇಟ್ ಇರುತ್ತದೆ, ಮನೆ ಎಷ್ಟು ಶಾಖ ಉಳಿಸಿಕೊಳ್ಳುತ್ತದೆ ಅಂತ ಎ ಇಂದ ಜಿ ತನಕ ದರ್ಜೆ ಕೊಟ್ಟಿರುತ್ತಾರೆ. 2020ರ ಏಪ್ರಿಲ್‌ನಿಂದ, ರಿಯಾಯಿತಿ ಪಡೆದ ಕೆಲವು ಮನೆ ಬಿಟ್ಟರೆ, ಇ ದರ್ಜೆಗಿಂತ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವ ಹಾಗಿಲ್ಲ. ಆ ಸರ್ಟಿಫಿಕೇಟ್ ಆನ್‌ಲೈನ್‌ನಲ್ಲಿ ವಿಳಾಸ ಹಾಕಿದರೆ ಸಿಗುತ್ತದೆ. ಧಾರವಾಡದಲ್ಲಿ ಕೂತೇ ನೋಡಿ, ಮಗಳಿಗೆ ಹೇಳಿ.

ಕೆನಡಾದಲ್ಲಿ ಬೇಸ್‌ಮೆಂಟ್ ಹಿಡಿದಿದ್ದಾರೆ. ಶಾಖ ಕಡಿಮೆ-ಜಾಸ್ತಿ ಮಾಡುವ ಥರ್ಮೋಸ್ಟಾಟ್ ಮೇಲಿನ ಮನೆಯಲ್ಲಿದೆ, ಅವರು ಇಟ್ಟಷ್ಟೇ ಶಾಖ. ಏನು ಮಾಡೋದು?

ಒಂಟಾರಿಯೊದ ಬ್ರಾಂಪ್ಟನ್ ಕಡೆ ಇರುವ ಹುಡುಗರಿಂದ ಈ ಮಾತು ಜಾಸ್ತಿ ಕೇಳಿಬರುತ್ತದೆ. ಮೇಲಿನವರಿಗೆ ಸೆಖೆ ಅನಿಸಿದರೆ ಕಡಿಮೆ ಮಾಡುತ್ತಾರೆ, ಕೆಳಗೆ ನೆಲಮನೆಯಲ್ಲಿ ಇರುವವರು ನಡುಗುತ್ತಾರೆ.

ಒಂಟಾರಿಯೊ ನಿಯಮದ ಪ್ರಕಾರ ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಬಾಡಿಗೆ ಮನೆಯೊಳಗೆ ಕನಿಷ್ಠ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ಊರಿಗೆ ತನ್ನದೇ ನಿಯಮ ಇದ್ದರೆ ಅದನ್ನು ನೋಡಬೇಕು: ಟೊರೊಂಟೊ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 15ರವರೆಗೆ 21 ಡಿಗ್ರಿ. ಥರ್ಮೋಸ್ಟಾಟ್ ಎಲ್ಲಿದೆ ಅನ್ನುವುದು ಮುಖ್ಯ ಅಲ್ಲ. ನೀವು ಬಾಡಿಗೆ ಕೊಡುವ ಜಾಗದಲ್ಲಿ ಎಷ್ಟಿದೆ ಅನ್ನುವುದು ಮುಖ್ಯ. ಮೇಲೆ 22 ಇದ್ದು ಕೆಳಗೆ 16 ಇದ್ದರೆ ಅದು ಮಾಲಕರ ತಪ್ಪು.

ಬೇಸ್‌ಮೆಂಟ್ ನಗರಸಭೆಯಲ್ಲಿ ನೋಂದಣಿ ಆಗಿಲ್ಲದಿದ್ದರೂ ಬಾಡಿಗೆದಾರರ ರಕ್ಷಣೆ ಹೋಗುವುದಿಲ್ಲ. ಆದರೆ ಒಂದು ಎಚ್ಚರಿಕೆ. ಅಡುಗೆಮನೆ ಅಥವಾ ಬಚ್ಚಲುಮನೆಯನ್ನು ಮಾಲಕರ ಜೊತೆ ಅಥವಾ ಅವರ ಹತ್ತಿರದ ಮನೆಮಂದಿಯ ಜೊತೆ ಹಂಚಿಕೊಳ್ಳುವ ಕರಾರಿದ್ದರೆ, ಒಂಟಾರಿಯೊದ ಬಾಡಿಗೆ ಕಾಯ್ದೆ ನಿಮಗೆ ಅನ್ವಯಿಸುವುದೇ ಇಲ್ಲ. ಕಡಿಮೆ ಬಾಡಿಗೆ ಅಂತ ಅಂಥ ಮನೆ ಹಿಡಿಯುವ ಮೊದಲು ಇದನ್ನು ಯೋಚನೆ ಮಾಡಿ.

ಜರ್ಮನಿಯಲ್ಲಿ?

ಅಲ್ಲಿನ ಕೋರ್ಟುಗಳು ಸಾಮಾನ್ಯವಾಗಿ ಹಗಲು ವಾಸದ ಕೋಣೆಯಲ್ಲಿ 20ರಿಂದ 22 ಡಿಗ್ರಿ, ರಾತ್ರಿ ಸುಮಾರು 18 ಅಂತ ಒಪ್ಪಿಕೊಂಡು ಬಂದಿವೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಹೀಟಿಂಗ್ ಕಾಲ ಅನ್ನುವುದು ರೂಢಿ. ಜಾಹೀರಾತಿನಲ್ಲಿ ಕಾಲ್ಟ್‌ಮೀಟೆ ಅಂತ ಕಂಡರೆ ಅದರಲ್ಲಿ ಹೀಟಿಂಗ್ ಖರ್ಚು ಸೇರಿಲ್ಲ, ವಾರ್ಮ್‌ಮೀಟೆ ಅಂದರೆ ಸೇರಿದೆ. ಸೇರಿದ್ದರೂ ಅದು ಮುಂಗಡ ಅಷ್ಟೇ. ವರ್ಷದ ಕೊನೆಗೆ ಲೆಕ್ಕ ಹಾಕಿ ಜಾಸ್ತಿ ಉರಿಸಿದ್ದರೆ ಬಾಕಿ ಬಿಲ್ ಕಳಿಸುತ್ತಾರೆ. ಈ ಬಿಲ್ ನೋಡಿ ಗಾಬರಿಯಾಗುವವರು ಬಹಳ, ಹಾಗಾಗಿ ಮೊದಲೇ ಸ್ವಲ್ಪ ದುಡ್ಡು ಎತ್ತಿಡಿ. ಊರೂರಿಗೆ ಬಾಡಿಗೆದಾರರ ಸಂಘಗಳಿವೆ, ಮೀಟರ್‌ಫೆರೈನ್ ಅನ್ನುತ್ತಾರೆ. ಸದಸ್ಯರಾದರೆ ಅವರ ವಕೀಲರೇ ಸಲಹೆ ಕೊಡುತ್ತಾರೆ.

ನ್ಯೂಜಿಲೆಂಡ್, ಆಸ್ಟ್ರೇಲಿಯಾ?

ನ್ಯೂಜಿಲೆಂಡಿನಲ್ಲಿ ಮುಖ್ಯ ವಾಸದ ಕೋಣೆಯನ್ನು 18 ಡಿಗ್ರಿ ತನಕ ಕಾಯಿಸಬಲ್ಲ, ಅಲ್ಲೇ ಕೂರಿಸಿದ ಹೀಟರ್ ಇರಬೇಕು. 2025ರ ಜುಲೈ 1ರಿಂದ ಎಲ್ಲ ಬಾಡಿಗೆ ಮನೆಗೂ ಇದು ಕಡ್ಡಾಯ. ಆಸ್ಟ್ರೇಲಿಯಾದಲ್ಲಿ ರಾಜ್ಯಕ್ಕೊಂದು ನಿಯಮ. ಮೆಲ್ಬರ್ನ್ ಇರುವ ವಿಕ್ಟೋರಿಯಾದಲ್ಲಿ ಮುಖ್ಯ ಕೋಣೆಗೆ ಹೀಟರ್ ಕೂರಿಸಿಯೇ ಕೊಡಬೇಕು.

"ನಡೀತೈತಿ ಬಿಡವಾ, ಎರಡ ಸ್ವೆಟರ್ ಹಾಕ್ಕೊಂಡೀನಿ" ಅಂತಾನೆ ಮಗ. ಇಷ್ಟಕ್ಕೆಲ್ಲ ಜಗಳ ಯಾಕೆ, ಸ್ವಲ್ಪ ಹೊಂದಿಕೊಂಡರೆ ಆಗದಾ?

ಈ ಪ್ರಶ್ನೆಗೆ ಉತ್ತರ ಕೊಡುವಾಗ ನನಗೆ ನಿಜಕ್ಕೂ ಕಳವಳ ಆಗುತ್ತದೆ. ಹೊಂದಿಕೊಂಡು ಹೋಗುವುದು ನಮ್ಮವರ ಒಳ್ಳೆಯ ಗುಣ, ಒಪ್ಪುತ್ತೇನೆ. ಆದರೆ ನಾವು ಊಹಿಸಿಕೊಳ್ಳುವ ಚಳಿಯೇ ಬೇರೆ. ಧಾರವಾಡದಲ್ಲಿ ಡಿಸೆಂಬರ್ ಬೆಳಗಿನ ಜಾವ ತಾಪಮಾನ ಹದಿನಾಲ್ಕರ ಆಸುಪಾಸಿಗೆ ಬಂದರೆ ನಡುಗುತ್ತೇವೆ. ಹತ್ತು ಗಂಟೆಗೆ ಬಿಸಿಲು ಬಂದು ಎಲ್ಲ ಸರಿಹೋಗುತ್ತದೆ. ಅಲ್ಲಿ ಬಿಸಿಲು ಬರುವುದಿಲ್ಲ. ಮನೆ ಒಮ್ಮೆ ತಣ್ಣಗಾದರೆ ಗೋಡೆ, ಹಾಸಿಗೆ, ಬಟ್ಟೆ ಎಲ್ಲ ತಣ್ಣಗಾಗಿ ವಾರಗಟ್ಟಲೆ ಹಾಗೇ ಇರುತ್ತವೆ. ಅಂಥ ಮನೆಯಲ್ಲಿ ರಕ್ತದೊತ್ತಡ ಏರುತ್ತದೆ, ದಮ್ಮು ಇದ್ದವರಿಗೆ ಉಲ್ಬಣಿಸುತ್ತದೆ, ನಿದ್ದೆ ಕೆಡುತ್ತದೆ, ಬೆರಳು ಮರಗಟ್ಟಿ ಓದಲು ಬರೆಯಲು ಆಗುವುದಿಲ್ಲ. ಸಾಲ ಮಾಡಿ ಓದಲು ಕಳಿಸಿದ ಹುಡುಗ ರಾತ್ರಿಯೆಲ್ಲ ನಡುಗುತ್ತ ಕೂರುವುದು ಯಾವ ಹೊಂದಾಣಿಕೆ?

ಮುಖ್ಯ ಮಾತು ಇಷ್ಟೇ. ಅಲ್ಲಿ ಬೆಚ್ಚಗಿನ ಮನೆ ಅನ್ನುವುದು ಮಾಲಕರು ದಯೆ ತೋರಿಸಿ ಕೊಡುವ ವಸ್ತು ಅಲ್ಲ. ತಿಂಗಳು ತಿಂಗಳು ಕೊಡುವ ಬಾಡಿಗೆಯಲ್ಲೇ ಅದು ಸೇರಿದೆ, ಛಾವಣಿ ಸೇರಿರುವ ಹಾಗೆ. ಛಾವಣಿ ಸೋರಿದರೆ ಕೇಳುತ್ತೀರಲ್ಲವಾ? ಇದನ್ನೂ ಹಾಗೇ ಕೇಳಬೇಕು. ಕೇಳುವುದೆಂದರೆ ಜಗಳ ಅಲ್ಲ. ಅಲ್ಲಿನವರು ಇಂಥದ್ದನ್ನು ದಿನಾ ಕೇಳುತ್ತಾರೆ, ಯಾರೂ ಕೆಟ್ಟದಾಗಿ ತಿಳಿಯುವುದಿಲ್ಲ. ಸುಮ್ನೆ ಇದ್ದವರ ಮನೆಯೇ ಎಲ್ಲರಿಗಿಂತ ಕೊನೆಗೆ ರಿಪೇರಿ ಆಗುವುದು, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮಕ್ಕಳು ಸುಮ್ಮನಿರುವುದಕ್ಕೆ ಇನ್ನೊಂದು ಕಾರಣವೂ ಇದೆ: ಮನೆಯಲ್ಲಿ ಅವ್ವ-ಅಪ್ಪ ಚಿಂತೆ ಮಾಡುತ್ತಾರೆ ಅಂತ ಮುಚ್ಚಿಡುತ್ತಾರೆ. "ಚಳಿ ಐತೇನು?" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. "ರೂಮಿನಾಗ ಎಷ್ಟ ಡಿಗ್ರಿ ಐತಿ, ನೋಡಿ ಹೇಳು" ಅಂತ ಕೇಳಿ. ನಿಜ ಗೊತ್ತಾಗುತ್ತದೆ.

ಕೋಣೆಯ ತಾಪಮಾನ ಅಳೆಯೋದು ಹೇಗೆ? ಮೊಬೈಲ್ ತೋರಿಸುತ್ತದಲ್ಲ?

ಮೊಬೈಲ್ ತೋರಿಸುವುದು ಹೊರಗಿನ ಹವಾಮಾನ. ಕೋಣೆಗೆ ಇಡುವ ಸಣ್ಣ ಥರ್ಮಾಮೀಟರ್ ಕೊಳ್ಳಿ, ತೇವಾಂಶವನ್ನೂ ತೋರಿಸುವುದಾದರೆ ಇನ್ನೂ ಒಳ್ಳೆಯದು. ದುಬಾರಿ ಏನಲ್ಲ.

ಇಡುವ ಜಾಗ ಮುಖ್ಯ. ಕಿಟಕಿಯ ಮೇಲಾಗಲಿ, ಕೋಣೆಗೆ ಶಾಖ ಕೊಡುವ ರೇಡಿಯೇಟರ್ ಪಕ್ಕದಲ್ಲಾಗಲಿ ಇಡಬೇಡಿ. ಅಮೆರಿಕದ ಬಹಳಷ್ಟು ಊರುಗಳು ಬಳಸುವ ಮಾದರಿ ನಿಯಮದಲ್ಲಿ ನೆಲದಿಂದ 3 ಅಡಿ ಎತ್ತರ, ಕೋಣೆಯ ನಡುವೆ, ಹೊರಗೋಡೆಯಿಂದ 2 ಅಡಿ ಒಳಗೆ ಅಂತ ಇದೆ. ಹಾಗೇ ಇಟ್ಟು ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ ಫೋಟೊ ತೆಗೆಯಿರಿ. ತಾರೀಖು, ಗಂಟೆ, ಹೊರಗಿನ ತಾಪಮಾನ ಒಂದು ಕಡೆ ಬರೆದಿಡಿ. ಒಂದು ವಾರದ ಇಂಥ ಪಟ್ಟಿ ಎದುರಿಗಿಟ್ಟರೆ "ನಿಮ್ಮ ದೇಶದವರಿಗೆ ಚಳಿ ಜಾಸ್ತಿ" ಅನ್ನುವ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಮಾತು ನಮ್ಮ ಹುಡುಗರು ಕೇಳಿಸಿಕೊಂಡಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ಹೀಟಿಂಗ್ ನಿಂತು ಹೋಗಿದೆ. ಫೋನ್ ಮಾಡಿದರೆ ನಾಳೆ ನಾಳೆ ಅಂತಾರೆ. ಮುಂದೇನು?

ಬರವಣಿಗೆಯಲ್ಲಿ ಕೊಡಿ. ಫೋನಿನಲ್ಲಿ ಹೇಳಿದ್ದು ಗಾಳಿಯಲ್ಲಿ ಹೋಗುತ್ತದೆ. ಇಮೇಲ್ ಇರಲಿ, ಏಜೆನ್ಸಿಯ ಪೋರ್ಟಲ್ ಇದ್ದರೆ ಅಲ್ಲಿಯೂ ಹಾಕಿ. ಫೋನಿನಲ್ಲಿ ಮಾತಾಡಿದ್ದರೂ ಅದೇ ದಿನ "ಇವತ್ತು ನೀವು ಹೀಗೆ ಹೇಳಿದಿರಿ" ಅಂತ ಎರಡು ಸಾಲು ಕಳಿಸಿ.

ಪತ್ರದಲ್ಲಿ ಉದ್ದ ಕಥೆ ಬೇಡ, ಕ್ಷಮೆ ಕೇಳುವುದೂ ಬೇಡ. ಯಾವ ದಿನದಿಂದ ಹೀಟಿಂಗ್ ಇಲ್ಲ, ಒಳಗೆ ಎಷ್ಟು ಡಿಗ್ರಿ ಇದೆ, ಮನೆಯಲ್ಲಿ ಮಕ್ಕಳು ಅಥವಾ ಕಾಯಿಲೆಯವರು ಇದ್ದಾರಾ, ಈ ಊರಿನ ನಿಯಮ ಏನು ಹೇಳುತ್ತದೆ, ಯಾವ ದಿನದೊಳಗೆ ಸರಿ ಆಗಬೇಕು, ಅಲ್ಲಿಯ ತನಕ ತಾತ್ಕಾಲಿಕ ಹೀಟರ್ ಕೊಡುತ್ತೀರಾ. ಇಷ್ಟು ಸಾಕು. ಫೋಟೊ ಜೋಡಿಸಿ. ಇಂಗ್ಲೆಂಡಿನ ಕಾಯ್ದೆ ಗಂಟೆ ಲೆಕ್ಕ ಹೇಳುವುದಿಲ್ಲ, ಸಮಂಜಸ ಸಮಯದೊಳಗೆ ಅನ್ನುತ್ತದೆ. ಕೊರೆಯುವ ಚಳಿಯಲ್ಲಿ ಬಾಯ್ಲರ್ ಪೂರ್ತಿ ನಿಂತಿದ್ದರೆ ಸಮಂಜಸ ಸಮಯ ಅಂದರೆ ವಾರಗಟ್ಟಲೆ ಅಲ್ಲ.

ಉತ್ತರ ಬರದಿದ್ದರೆ ಮೇಲಿನವರ ಹತ್ತಿರ ಹೋಗಿ: ನ್ಯೂಯಾರ್ಕಿನಲ್ಲಿ 311, ಟೊರೊಂಟೊದಲ್ಲಿಯೂ 311, ಒಂಟಾರಿಯೊದ ಉಳಿದ ಕಡೆ ಊರಿನ ನಿಯಮ ನೋಡಿಕೊಳ್ಳುವ ಬೈಲಾ ವಿಭಾಗ ಅಥವಾ ಬಾಡಿಗೆ ತಕರಾರು ಬಗೆಹರಿಸುವ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಬೋರ್ಡ್, ಇಂಗ್ಲೆಂಡಿನಲ್ಲಿ ಕೌನ್ಸಿಲ್. ಇಂಗ್ಲೆಂಡಿನಲ್ಲಿ ಸಿಟಿಜನ್ಸ್ ಅಡ್ವೈಸ್ ಮತ್ತು ಶೆಲ್ಟರ್ ಅನ್ನುವ ಸಂಸ್ಥೆಗಳು ಪುಕ್ಕಟೆ ಸಲಹೆ ಕೊಡುತ್ತವೆ. ವಿದ್ಯಾರ್ಥಿಗಳಾದರೆ ಯೂನಿವರ್ಸಿಟಿಯ ಸ್ಟೂಡೆಂಟ್ಸ್ ಯೂನಿಯನ್‌ನಲ್ಲಿ ವಸತಿ ಸಲಹೆಗಾರರು ಇರುತ್ತಾರೆ, ಮೊದಲು ಅಲ್ಲಿಗೇ ಹೋಗಿ. ಅವರು ಆ ಏಜೆಂಟನ್ನು ಮೊದಲೇ ಬಲ್ಲವರಾಗಿರುತ್ತಾರೆ, ಎಷ್ಟೋ ಸಲ.

ಹೀಟಿಂಗ್ ಕೊಡದಿದ್ದರೆ ಬಾಡಿಗೆ ನಿಲ್ಲಿಸಿಬಿಟ್ಟರೆ?

ಬೇಡ. ಹೀಟಿಂಗ್ ಕೊಡದ್ದು ಮಾಲಕರ ತಪ್ಪು, ಬಾಡಿಗೆ ಕೊಡದ್ದು ನಿಮ್ಮ ತಪ್ಪು ಆಗಿಬಿಡುತ್ತದೆ. ಇಂಗ್ಲೆಂಡಿನಲ್ಲಾಗಲಿ ಒಂಟಾರಿಯೊದಲ್ಲಾಗಲಿ ಬಾಕಿ ಉಳಿಸಿಕೊಂಡರೆ ಮನೆ ಬಿಡಿಸುವ ಕೇಸು ಬರಬಹುದು. ಒಂಟಾರಿಯೊದಲ್ಲಿ ಬೋರ್ಡಿಗೆ ಅರ್ಜಿ ಹಾಕಿದರೆ ಬಾಡಿಗೆಯಲ್ಲಿ ಒಂದಿಷ್ಟು ಕಡಿತ ಮಾಡಿಸಿಕೊಡುವ ಅಧಿಕಾರ ಅವರಿಗಿದೆ. ಜರ್ಮನಿಯಲ್ಲಿ ಮಾತ್ರ, ಮಾಲಕರಿಗೆ ತಿಳಿಸಿದ ಮೇಲೆ, ತೊಂದರೆ ಇದ್ದಷ್ಟು ದಿನ ಬಾಡಿಗೆ ಕಡಿಮೆ ಮಾಡಲು ಕಾನೂನೇ ಅವಕಾಶ ಕೊಟ್ಟಿದೆ. ಆದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ ಜಾಸ್ತಿ ಕಡಿದರೆ ಸಿಕ್ಕಿಬೀಳುತ್ತೀರಿ, ಸಂಘದವರನ್ನು ಕೇಳಿಯೇ ಮಾಡಿ.

ದೂರು ಕೊಟ್ಟರೆ ವೀಸಾಕ್ಕೆ ತೊಂದರೆ ಆಗುತ್ತದಾ?

ಆಗುವುದಿಲ್ಲ. ಮನೆಯ ರಿಪೇರಿ ದೂರಿಗೂ ವೀಸಾಕ್ಕೂ ಸಂಬಂಧವೇ ಇಲ್ಲ. ಹಾಗಂತ ಹೆದರಿಸುವ ಮಾಲಕರಿದ್ದರೆ ಆ ಮೆಸೇಜನ್ನೂ ಇಟ್ಟುಕೊಳ್ಳಿ. ನ್ಯೂಯಾರ್ಕಿನಂಥ ಕಡೆ ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದೇ ಕಾನೂನಿಗೆ ವಿರುದ್ಧ.

ಬಿಸಿ ನೀರು?

ಅದೂ ಹಕ್ಕೇ, ಮತ್ತು ವರ್ಷಪೂರ್ತಿ. ನ್ಯೂಯಾರ್ಕಿನಲ್ಲಿ ನಲ್ಲಿಗೆ ಬರುವ ಬಿಸಿ ನೀರು ಕನಿಷ್ಠ 120 ಫ್ಯಾರನ್‌ಹೀಟ್, ಅಂದರೆ ಸುಮಾರು 49 ಸೆಲ್ಸಿಯಸ್ ಇರಬೇಕು.

ಮನೆ ತಣ್ಣಗಿದೆ ಅಂತ ಓವನ್ ಬಾಗಿಲು ತೆಗೆದಿಟ್ಟು ಕೋಣೆ ಕಾಯಿಸುತ್ತಿದ್ದಾರಂತೆ. ನಡೆಯುತ್ತದಾ?

ದಯವಿಟ್ಟು ಇವತ್ತೇ ನಿಲ್ಲಿಸಲು ಹೇಳಿ. ಗ್ಯಾಸ್ ಓವನ್ನಾಗಲಿ, ಇದ್ದಿಲಿನ ಒಲೆಯಾಗಲಿ, ಮುಚ್ಚಿದ ಮನೆಯಲ್ಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬಂದು ಮಲಗಿದವರು ಏಳುವುದೇ ಇಲ್ಲ. ಇಂಗ್ಲೆಂಡಿನಲ್ಲಿ ಗ್ಯಾಸ್ ಬಾಯ್ಲರ್ ಇರುವ ಮನೆಯ ಮಾಲಕರು ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ ನೋಂದಣಿ ಇರುವ ಎಂಜಿನಿಯರ್‌ರಿಂದ ತಪಾಸಣೆ ಮಾಡಿಸಿ ಅದರ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. 2022ರ ಅಕ್ಟೋಬರ್ 1ರಿಂದ, ಬಾಯ್ಲರ್ ಅಥವಾ ಬೆಂಕಿಗೂಡು ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಕಡ್ಡಾಯ. ಇವೆರಡೂ ಇವೆಯಾ ಅಂತ ಕೇಳಿ.

ಕರೆಂಟಿನ ಸಣ್ಣ ಹೀಟರ್ ಪೂರ್ತಿ ಸುರಕ್ಷಿತ ಅಂತಲೂ ತಿಳಿಯಬೇಡಿ. 2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಒಂದು ಬಾಡಿಗೆ ಕಟ್ಟಡಕ್ಕೆ ಬೆಂಕಿ ಬಿತ್ತು. ಒಂದು ಮನೆಯಲ್ಲಿ ಉರಿಯುತ್ತಿದ್ದ ಇಂಥದ್ದೇ ಹೀಟರ್ ಕಾರಣ. ತಾನಾಗಿ ಮುಚ್ಚಿಕೊಳ್ಳಬೇಕಿದ್ದ ಬಾಗಿಲು ಮುಚ್ಚಿಕೊಳ್ಳದೆ ಹೊಗೆ ಮೇಲಿನ ಮಹಡಿಗಳಿಗೆಲ್ಲ ಏರಿ 17 ಮಂದಿ ಸತ್ತರು, ಅವರಲ್ಲಿ 8 ಮಕ್ಕಳು. ಹೀಟರ್ ಬಳಸಲೇಬೇಕಾದರೆ ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡ. ಹಾಸಿಗೆ, ಪರದೆ, ಒಣಗಲು ಹಾಕಿದ ಬಟ್ಟೆಯಿಂದ 3 ಅಡಿ ದೂರ ಇರಲಿ. ಮಲಗುವಾಗ ಆರಿಸಿ. ತಿಂಗಳುಗಟ್ಟಲೆ ಅದರ ಮೇಲೇ ದಿನ ತಳ್ಳುವ ಪರಿಸ್ಥಿತಿ ಬಂದರೆ ಮುಖ್ಯ ಹೀಟಿಂಗ್ ಸರಿಯಿಲ್ಲ ಅಂತಲೇ ಅರ್ಥ, ಆ ದೂರು ಕೊಡಿ.

ಇದರ ಜೊತೆಗೆ ಇನ್ನೊಂದು. ರೊಟ್ಟಿ ಸುಡುವಾಗ, ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ ಅಂತ ಅದರ ಬ್ಯಾಟರಿ ತೆಗೆದಿಡುವುದು, ಪ್ಲಾಸ್ಟಿಕ್ ಸುತ್ತುವುದು ನಮ್ಮವರಲ್ಲಿ ಬಹಳ. ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಅಡುಗೆಮನೆ ಬಾಗಿಲು ಮುಚ್ಚಿ. ಅಲಾರಂ ಮುಟ್ಟಬೇಡಿ.

ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ. ನೀವು ಅಡುಗೆ ಮಾಡೋದರಿಂದ ಅಂತಾರೆ ಮಾಲಕರು.

ಸ್ವಲ್ಪ ನಿಜ ಇರಬಹುದು, ಪೂರ್ತಿ ಅಲ್ಲ. ಬಿಸಿ ಉಸಿರು, ಸ್ನಾನದ ಹಬೆ, ಕುಕ್ಕರಿನ ಹಬೆ, ಒಳಗೆ ಒಣಗಿಸಿದ ಬಟ್ಟೆ, ಇವೆಲ್ಲದರ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಅಲ್ಲಿ ಬೂಷ್ಟು ಬೆಳೆಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನಾವು ದಿನವಿಡೀ ಕಿಟಕಿ ತೆಗೆದಿಟ್ಟು ಬದುಕುತ್ತೇವೆ. ಅಲ್ಲಿ ಹೋದ ಮೇಲೆ ಚಳಿಗೆ ಹೆದರಿ ಆರು ತಿಂಗಳು ಕಿಟಕಿಯನ್ನೇ ತೆಗೆಯುವುದಿಲ್ಲ. ಜರ್ಮನಿಯವರ ಪದ್ಧತಿ ಒಳ್ಳೆಯದು: ದಿನಕ್ಕೆ ಎರಡು-ಮೂರು ಸಲ, ಐದು-ಹತ್ತು ನಿಮಿಷ ಎಲ್ಲ ಕಿಟಕಿ ಪೂರ್ತಿ ತೆರೆದು ಮತ್ತೆ ಮುಚ್ಚಿಬಿಡುತ್ತಾರೆ. ಗೋಡೆ ತಣ್ಣಗಾಗುವ ಮೊದಲೇ ಗಾಳಿ ಬದಲಾಗುತ್ತದೆ.

ಇಷ್ಟು ಮಾಡಿದ ಮೇಲೂ ಬೂಷ್ಟು ಬಂದರೆ ಗೋಡೆಯಲ್ಲಿ, ಪೈಪಿನಲ್ಲಿ ಅಥವಾ ಹೀಟಿಂಗ್‌ನಲ್ಲಿ ದೋಷ ಇದೆ ಅಂತ ಬರೆದು ಕೊಡಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗು ಬೂಷ್ಟು ಹಿಡಿದ ಫ್ಲ್ಯಾಟಿನಲ್ಲಿ ಇದ್ದು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ತಂದೆ-ತಾಯಿ ಮತ್ತೆ ಮತ್ತೆ ದೂರು ಹೇಳಿದ್ದರು. ಮನೆ ಕೊಟ್ಟ ವಸತಿ ಸಂಸ್ಥೆಯವರು ತಪ್ಪು ನಿಮ್ಮ ಜೀವನಶೈಲಿಯದ್ದು ಅಂತ ಅವರ ಮೇಲೇ ಹಾಕಿದ್ದರು. ಆ ಸಾವಿನ ನಂತರ ಅಲ್ಲಿ ಕಾನೂನೇ ಬದಲಾಯಿತು, ಸಾಮಾಜಿಕ ವಸತಿ ಮನೆಗಳ (ಕೌನ್ಸಿಲ್ ಅಥವಾ ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳ) ಮಾಲಕರು ಇಂಥ ದೂರನ್ನು ಗೊತ್ತುಪಡಿಸಿದ ದಿನಗಳೊಳಗೆ ಪರಿಶೀಲಿಸಿ ಸರಿಪಡಿಸಬೇಕು ಅಂತ ಆಯಿತು.

ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಾರೆ. ಬಿಲ್ ಉಳಿಸಲು ಹೀಟಿಂಗ್ ಪೂರ್ತಿ ಆರಿಸಿ ಬರಬಹುದಾ?

ಬೇಡ. ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪ್ ಒಡೆದರೆ ಅದರ ಖರ್ಚು ನಿಮ್ಮ ತಲೆಗೇ ಬರಬಹುದು. ಕಡಿಮೆ ಮಾಡಿ, ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಬನ್ನಿ.

ಇದೆಲ್ಲ ಅಲ್ಲಿಯದಾಯಿತು. ಸಪ್ತಾಪುರದಲ್ಲಿ ಕೋಚಿಂಗಿಗೆ ಅಂತ ರೂಮು ಮಾಡಿರುವ ನಮ್ಮ ಮಕ್ಕಳಿಗೆ ಏನಾದರೂ ಹಕ್ಕಿದೆಯಾ?

ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಬಾಡಿಗೆ ಮನೆಗೆ ತಾಪಮಾನದ ಲೆಕ್ಕ ಇಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ, ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗೆ ರಾಜ್ಯದಲ್ಲಿ ಎಲ್ಲೂ ಅನ್ವಯಿಸುವುದಿಲ್ಲ, ಈಗಿನ ಬಾಡಿಗೆಗೆ ಅದು ಎಷ್ಟು ಮನೆಗೆ ಸಿಕ್ಕೀತು ನೀವೇ ಹೇಳಿ. ಹಾಗಾಗಿ ಹನ್ನೊಂದು ತಿಂಗಳ ಕರಾರು ಪತ್ರದಲ್ಲಿ ಬರೆದದ್ದೇ ಮುಖ್ಯ. ಗೀಸರ್ ಇದೆಯಾ, ಯಾವ ಹೊತ್ತಿಗೆ ಬಿಸಿ ನೀರು, ಕೆಟ್ಟರೆ ಯಾರು ಎಷ್ಟು ದಿನದಲ್ಲಿ ರಿಪೇರಿ ಮಾಡಿಸಬೇಕು, ಕರೆಂಟಿಗೆ ಬೇರೆ ಮೀಟರ್ ಇದೆಯಾ, ಇದನ್ನೆಲ್ಲ ಮೊದಲೇ ಬರೆಸಿ. ಬಾಯಿಮಾತಿನ "ನೋಡೂಣಂತ, ಮಾಡ್ಸಿ ಕೊಡ್ತೀವಿ" ಸಾಲದು.

ಒಂದನ್ನು ಮಾತ್ರ ಬಿಡಲೇಬೇಡಿ. ಬಚ್ಚಲುಮನೆಯ ಒಳಗೇ ಗ್ಯಾಸ್ ಗೀಸರ್ ಇದ್ದು ಗಾಳಿ ಆಡಲು ಕಿಟಕಿ ಇಲ್ಲದಿದ್ದರೆ ಆ ರೂಮು ಬೇಡ. ಮೇಲೆ ಹೇಳಿದ ಅದೇ ವಿಷಗಾಳಿ ಇಲ್ಲೂ ಜನರ ಜೀವ ತೆಗೆದಿದೆ, ಅದೂ ಸ್ನಾನ ಮಾಡುವ ಹತ್ತು-ಹದಿನೈದು ನಿಮಿಷದಲ್ಲಿ. ಮಾಲಕರಿಗೆ ಹೇಳಿ ಗೀಸರನ್ನು ಹೊರಗೆ ಹಾಕಿಸಿ, ಇಲ್ಲವೇ ಕರೆಂಟಿನದ್ದು ಹಾಕಿಸಿ.

ಹೊರದೇಶದಲ್ಲಿ ಮನೆ ಹಿಡಿಯುವ ಮುಂಚೆ ಏನೇನು ಕೇಳಬೇಕು?

ವಿಡಿಯೊ ಕಾಲ್‌ನಲ್ಲಿ ಮನೆ ತೋರಿಸುವಾಗ ಹೀಟಿಂಗ್ ಹಾಕಿ ತೋರಿಸಲು ಹೇಳಿ, ಬೇಸಿಗೆಯಾದರೂ ಸರಿ. ಖರ್ಚು ಬಾಡಿಗೆಯಲ್ಲಿ ಸೇರಿದೆಯಾ ಇಲ್ಲವಾ, ಥರ್ಮೋಸ್ಟಾಟ್ ಯಾರ ಕೈಯಲ್ಲಿದೆ, ಕಿಟಕಿಗೆ ಎರಡು ಪದರದ ಗಾಜಿದೆಯಾ, ಹೋದ ವರ್ಷ ಚಳಿಗಾಲದ ಬಿಲ್ ಎಷ್ಟು ಬಂದಿತ್ತು ಕೇಳಿ. ಇಂಗ್ಲೆಂಡಿನಲ್ಲಿ ದುಡ್ಡು ಮೊದಲೇ ತುಂಬಬೇಕಾದ ಪ್ರೀಪೇಯ್ಡ್ ಮೀಟರ್ ಇರುವ ಮನೆಗಳಿವೆ, ಮಧ್ಯರಾತ್ರಿ ದುಡ್ಡು ಖಾಲಿಯಾದರೆ ಹೀಟಿಂಗ್ ನಿಲ್ಲುತ್ತದೆ, ಅದನ್ನೂ ಕೇಳಿ. ಸಾಧ್ಯ ಆದರೆ ಈಗ ಆ ಮನೆಯಲ್ಲಿ ಇರುವವರ ಜೊತೆ ಎರಡು ನಿಮಿಷ ಮಾತಾಡಿಸಿ. ಏಜೆಂಟ್ ಹೇಳದ್ದನ್ನು ಅವರು ಹೇಳುತ್ತಾರೆ.

ನಾವೇ ಮಗಳ ಬಾಣಂತನಕ್ಕೆ ಜನವರಿಯಲ್ಲಿ ಹೋಗುತ್ತಿದ್ದೇವೆ. ಕೂಸಿಗೆ ಎಷ್ಟು ಶಾಖ ಬೇಕು?

ಇಲ್ಲಿ ನಮ್ಮ ಪದ್ಧತಿಗೂ ಅಲ್ಲಿನ ವೈದ್ಯರ ಮಾತಿಗೂ ತಿಕ್ಕಾಟ ಬರುತ್ತದೆ. ಬಾಣಂತಿ ಕೋಣೆ ಬೆಚ್ಚಗಿರಬೇಕು, ಕೂಸಿಗೆ ಕುಂಚಿಗೆ ಕಟ್ಟಿ ಸುತ್ತಿ ಮಲಗಿಸಬೇಕು ಅಂತ ನಮ್ಮ ಹಿರಿಯರು ಹೇಳಿಕೊಟ್ಟಿದ್ದು ಹೀಟಿಂಗ್ ಇಲ್ಲದ ಮನೆಗೆ. ಬ್ರಿಟನ್ನಿನಲ್ಲಿ ಕೂಸು ಮಲಗುವ ಕೋಣೆ 16ರಿಂದ 20 ಡಿಗ್ರಿ ಇರಲಿ ಅನ್ನುತ್ತಾರೆ. ಅತಿ ಶಾಖ ಆದರೆ ನಿದ್ದೆಯಲ್ಲೇ ಕೂಸಿನ ಜೀವಕ್ಕೆ ಅಪಾಯ. ಹೀಟಿಂಗ್ ಇರುವ ಕೋಣೆಯಲ್ಲಿ ಮಲಗಿಸುವಾಗ ಟೋಪಿ ತೆಗೆಯಿರಿ, ದಪ್ಪ ದುಪ್ಪಟಿ ಹೊದಿಸಬೇಡಿ, ರೇಡಿಯೇಟರ್ ಪಕ್ಕ ತೊಟ್ಟಿಲು ಇಡಬೇಡಿ. ಕೈಕಾಲು ತಣ್ಣಗಿದ್ದರೆ ಗಾಬರಿ ಬೇಡ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ.

ನಿಮಗೆ ಬಿ.ಪಿ. ಇದ್ದರೆ ನೀವಿರುವ ಕೋಣೆ 18ಕ್ಕಿಂತ ಇಳಿಯದ ಹಾಗೆ ನೋಡಿಕೊಳ್ಳಲು ಮಗಳಿಗೆ ಹೇಳಿ. ಅಳಿಯಂದಿರ ಮನೆ, ಬಿಲ್ ಜಾಸ್ತಿ ಬರುತ್ತದೆ ಅಂತ ಸಂಕೋಚ ಪಟ್ಟು ಸುಮ್ಮನಿರಬೇಡಿ.